ಒಂದೇ ಒಂದು ಅವಕಾಶ

(ಬಲವಂತದ ಮದುವೆ ಮತ್ತು ಸರ್ಕಾರಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಚಮಚದಿಂದ ಶುರು ಮಾಡುತ್ತೇನೆ. ಊಟಕ್ಕೆ ಬಳಸುವ ಸಾದಾ ಸ್ಟೀಲ್ ಚಮಚ.

ಬ್ರಿಟನ್ನಿನಲ್ಲಿ ಕರ್ಮ ನಿರ್ವಾಣ ಅಂತ ಒಂದು ಸಂಸ್ಥೆ ಇದೆ. 1993ರಲ್ಲಿ ಜಸ್ವಿಂದರ್ ಸಂಘೇರಾ ಅನ್ನುವವರು ಕಟ್ಟಿದ್ದು. ಅವರೂ ಹದಿಹರೆಯದಲ್ಲಿ ಮನೆಯವರು ಗೊತ್ತು ಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಮನೆ ಬಿಟ್ಟವರೇ. ಈ ಸಂಸ್ಥೆಯ ಸಹಾಯವಾಣಿಗೆ ಹುಡುಗಿಯರು ಫೋನ್ ಮಾಡುತ್ತಾರೆ. ರಜೆಗೆ ಅಂತ ಕರೆದುಕೊಂಡು ಹೋಗ್ತಿದ್ದಾರೆ, ಅಲ್ಲಿ ಮದುವೆ ಮಾಡಿಸ್ತಾರೆ ಅಂತ ಅನುಮಾನ, ಏನು ಮಾಡಲಿ ಅಂತ ಕೇಳುತ್ತಾರೆ. ಬೇರೆ ದಾರಿ ಯಾವುದೂ ಉಳಿಯದಿದ್ದಾಗ ಅವರಿಗೆ ಹೇಳುತ್ತಿದ್ದ ಉಪಾಯ ಇದು: ಒಂದು ಚಮಚವನ್ನು ಒಳಉಡುಪಿನೊಳಗೆ ಬಚ್ಚಿಟ್ಟುಕೋ. ಏರ್‌ಪೋರ್ಟಿನಲ್ಲಿ ಮೆಟಲ್ ಡಿಟೆಕ್ಟರ್ ಕಿರುಚುತ್ತದೆ. ನಿನ್ನನ್ನು ಪಕ್ಕಕ್ಕೆ, ಒಂದು ರೂಮಿಗೆ ಕರೆದೊಯ್ಯುತ್ತಾರೆ. ಅಪ್ಪ ಅಮ್ಮ ಅಲ್ಲಿಗೆ ಬರುವ ಹಾಗಿಲ್ಲ. ಅಲ್ಲಿ ಹೇಳಿಬಿಡು.

ಮುಂದೆ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಾಡಳಿತವೂ 2019ರಲ್ಲಿ ಇದೇ ಚಮಚದ ಉಪಾಯವನ್ನು ಹೇಳಿಕೊಡಲು ಶುರು ಮಾಡಿತು.

ಆ ಸಾಲಿನಲ್ಲಿ ನಿಂತ ಹುಡುಗಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮುಂದೆ ಅಪ್ಪ, ಪಾಸ್‌ಪೋರ್ಟುಗಳೆಲ್ಲ ಅವರ ಕೈಯಲ್ಲಿ. ಹಿಂದೆ ಅಮ್ಮ, ಬಹುಶಃ ಪುಟ್ಟ ತಮ್ಮನ ಕೈ ಹಿಡಿದುಕೊಂಡು. ಯಾರೂ ಜಗಳ ಆಡುತ್ತಿಲ್ಲ. ನೋಡುವವರಿಗೆ ರಜೆಗೆ ಹೊರಟ ಒಂದು ಕುಟುಂಬ, ಅಷ್ಟೇ. ಅವಳಿಗೆ ಮಾತ್ರ ಗೊತ್ತು, ಇನ್ನು ಹತ್ತು ಹೆಜ್ಜೆ ನಡೆದರೆ ತನ್ನ ಮಾತು ಕೇಳುವವರು ಯಾರೂ ಇರುವುದಿಲ್ಲ ಅಂತ. ಹುಟ್ಟಿ ಬೆಳೆದ ದೇಶದಲ್ಲಿ ಶಾಲೆ ಇದೆ, ಪೊಲೀಸ್ ಇದೆ, ಕೋರ್ಟ್ ಇದೆ. ಆದರೂ ಕೊನೆಗೆ ಅವಳ ಕೈಗೆ ಸಿಕ್ಕಿದ್ದು ಒಂದು ಚಮಚ. ಇದು ನನ್ನನ್ನು ತುಂಬಾ ಕಾಡುತ್ತದೆ. ಅವಳು ಅಲ್ಲಿಗೆ ಬರುವ ಮೊದಲು ಯಾರ್ಯಾರು ಅವಳ ಮಾತು ಕೇಳಬಹುದಿತ್ತು? ಸರ್ಕಾರಗಳು ಏನೇನು ಮಾಡಿದವು ಅಂತ ನೋಡುವಾಗಲೆಲ್ಲ ನಾನು ಇದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಹಿರಿಯರು ನೋಡಿ ಮಾಡುವ ಮದುವೆ ಬೇರೆ, ಬಲವಂತದ ಮದುವೆ ಬೇರೆ. ಗಂಡು ಹುಡುಕುವುದು, ಹೆಣ್ಣು ತೋರಿಸುವುದು, ಮಾತುಕತೆ ಆಡುವುದು, ಇದೆಲ್ಲ ದೊಡ್ಡವರು ಮಾಡಬಹುದು. ಆದರೆ 'ಬೇಡ' ಅನ್ನುವ ಮಾತಿಗೆ ಬೆಲೆ ಇರಬೇಕು. ಬೇಡ ಅಂದರೆ ಅಲ್ಲಿಗೆ ಮುಗಿಯಬೇಕು. ಎರಡನೇ ಸಲ, ಹತ್ತನೇ ಸಲ ಬೇಡ ಅಂದ ಮೇಲೂ ಮುಗಿಯದಿದ್ದರೆ ಅದು ಬಲವಂತವೇ.

ಹೇಳುವುದು ಸುಲಭ. ಬಲವಂತ ಅಂದ ತಕ್ಷಣ ನಮಗೆ ಹೊಡೆತ, ಬೀಗ ಹಾಕಿದ ಕೋಣೆ ನೆನಪಾಗುತ್ತದೆ. ಅದೂ ಇದೆ. ಆದರೆ ಜಾಸ್ತಿ ಕೆಲಸ ಮಾಡುವುದು ಮಾತು. 'ನಾಲ್ಕು ಜನರ ಮುಂದೆ ತಲೆ ಎತ್ತಿಕೊಂಡು ಓಡಾಡೋದು ಹೇಗೆ?' 'ನಿಮ್ಮಪ್ಪನಿಗೆ ಹಾರ್ಟ್ ಸರಿ ಇಲ್ಲ, ಗೊತ್ತಲ್ವಾ?' 'ನೀನು ಒಪ್ಪದಿದ್ರೆ ನಿನ್ನ ತಂಗಿಯನ್ನ ಯಾರು ಮಾಡ್ಕೋತಾರೆ?' ಕೊನೆಗೆ ಅಮ್ಮ ಊಟ ಬಿಡುತ್ತಾಳೆ. ಹೀಗೆ ಮೂರು ತಿಂಗಳು ಕಳೆದ ಮೇಲೆ ಹುಡುಗಿ ತಲೆ ಆಡಿಸಿದರೆ ಅದು ಒಪ್ಪಿಗೆಯೇ?

ಇಂಗ್ಲೆಂಡಿನ ಕೋರ್ಟುಗಳು ಬಹಳ ಕಾಲ ಹೌದು ಅಂದವು. ಜೀವಕ್ಕೆ, ಮೈಗೆ, ಸ್ವಾತಂತ್ರ್ಯಕ್ಕೆ ನೇರ ಅಪಾಯ ಇದ್ದರೆ ಮಾತ್ರ ಬಲವಂತ ಅಂತ ಅವು ಎಣಿಸುತ್ತಿದ್ದವು. 1980ರ ದಶಕದ ಶುರುವಿನಲ್ಲಿ ಹಿರಾನಿ ಅನ್ನುವ ಕೇಸ್ ಬಂತು. ಭಾರತ ಮೂಲದ ಹಿಂದೂ ಮನೆ. 19 ವರ್ಷದ ಮಗಳು ಒಬ್ಬ ಮುಸ್ಲಿಂ ಹುಡುಗನ ಜೊತೆ ಓಡಾಡುತ್ತಿದ್ದಳು. ಅವಳಾಗಲಿ, ಅಪ್ಪ ಅಮ್ಮನಾಗಲಿ ಹಿಂದೆ ನೋಡೇ ಇರದ ಒಬ್ಬನ ಜೊತೆ ಅವಸರದಲ್ಲಿ ಮದುವೆ ಗೊತ್ತಾಯಿತು. ಅವನನ್ನು ಮದುವೆ ಆಗು, ಇಲ್ಲಾಂದ್ರೆ ಬಟ್ಟೆಬರೆ ಕಟ್ಟಿಕೊಂಡು ಹೊರಡು ಅಂದರು. ಅವಳು ಪೂರ್ತಿ ಅವರ ಆಸರೆಯಲ್ಲೇ ಇದ್ದವಳು. ಹೋಗುವುದಾದರೂ ಎಲ್ಲಿಗೆ? ಆರು ವಾರಕ್ಕೆ ಆ ಮದುವೆಯಿಂದ ಹೊರಬಂದಳು. ಮೇಲ್ಮನವಿ ಕೋರ್ಟು ಆ ಮದುವೆಯನ್ನು ರದ್ದು ಮಾಡಿತು. ಕತ್ತಿ ಹಿಡಿದು ನಿಲ್ಲಲೇಬೇಕು ಅಂತೇನಿಲ್ಲ, ಒತ್ತಡವು ಆ ವ್ಯಕ್ತಿಯ ಮನಸ್ಸನ್ನು ಮಣಿಸಿಬಿಟ್ಟಿತೇ ಅನ್ನುವುದನ್ನು ನೋಡಬೇಕು ಅಂದಿತು. ಒಬ್ಬ 19ರ ಹುಡುಗಿಗೆ 'ಮನೆಯಿಂದ ಹೊರಡು' ಅನ್ನುವ ಮಾತು ಎಷ್ಟು ಭಾರ ಅಂತ ಕಾನೂನಿಗೆ ಅವತ್ತು ಅರ್ಥವಾಯಿತು.

ಈ ಸಮಸ್ಯೆ ಎಷ್ಟು ದೊಡ್ಡದು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಯ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 2.2 ಕೋಟಿ ಜನ ಬಲವಂತದ ಮದುವೆಯಲ್ಲಿದ್ದಾರೆ. ಬ್ರಿಟನ್ನಿನ ಸರ್ಕಾರಿ ಘಟಕವೊಂದೇ 2018ರಲ್ಲಿ 1,764 ಪ್ರಕರಣಗಳಲ್ಲಿ ಸಲಹೆ, ಸಹಾಯ ಕೊಟ್ಟಿತು. ಅದರಲ್ಲಿ ಪಾಕಿಸ್ತಾನಕ್ಕೆ ಸಂಬಂಧಿಸಿದವು ಅರ್ಧಕ್ಕೆ ಸ್ವಲ್ಪ ಕಡಿಮೆ. ಬಾಂಗ್ಲಾದೇಶ, ಭಾರತ, ಸೊಮಾಲಿಯಾ ಅದರ ನಂತರ ಬರುತ್ತವೆ. ಇದು ಒಂದೇ ಧರ್ಮದವರ ವಿಷಯ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಹಿಂದೂ, ಸಿಖ್, ಮುಸ್ಲಿಂ, ಕ್ರೈಸ್ತ, ಯಹೂದಿ, ಎಲ್ಲ ಮನೆಗಳಿಂದಲೂ ಬಂದವರಿದ್ದಾರೆ. ಹುಡುಗರೂ ಇದ್ದಾರೆ. ಮಗ ಸಲಿಂಗಿ ಅಂತ ಗೊತ್ತಾದ ತಕ್ಷಣ ಮದುವೆ ಮಾಡಿಬಿಡುವವರಿದ್ದಾರೆ. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗೆ, ನಾವು ಹೋದ ಮೇಲೆ ನೋಡಿಕೊಳ್ಳಲು ಒಬ್ಬರು ಬೇಕು ಅಂತ ಮದುವೆ ಮಾಡುವವರಿದ್ದಾರೆ. ಆ ಮಗುವಿಗೆ ಮದುವೆ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ಈ ಕೊನೆಯ ಥರದವರ ಬಗ್ಗೆ ಮಾತಾಡುವವರು ತೀರಾ ಕಡಿಮೆ.

ಈಗ ಸರ್ಕಾರಗಳ ವಿಷಯಕ್ಕೆ ಬರೋಣ. ಬ್ರಿಟನ್ನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಎಲ್ಲ ಥರದ ಪ್ರಯತ್ನ, ಎಲ್ಲ ಥರದ ತಪ್ಪು, ಎರಡೂ ಅಲ್ಲಿ ಸಿಗುತ್ತವೆ.

1990ರ ದಶಕದ ಕೊನೆಯವರೆಗೂ ಅಲ್ಲಿ ಮೌನವೇ ನೀತಿ. ಹುಡುಗಿ ಪೊಲೀಸರ ಹತ್ತಿರ ಹೋದರೆ, ಇದು ನಿಮ್ಮ ಸಂಸ್ಕೃತಿಯ ವಿಷಯ, ಮನೆಯವರ ಜೊತೆ ಕೂತು ಮಾತಾಡಿ ಅಂತ ಕಳಿಸುವುದು ಮಾಮೂಲಾಗಿತ್ತು. ಕೆಟ್ಟ ಉದ್ದೇಶ ಇಲ್ಲದವರೂ ಹೀಗೇ ಮಾಡಿದರು. ತಮ್ಮನ್ನು ಜನಾಂಗದ್ವೇಷಿ ಅಂದುಬಿಟ್ಟಾರು ಅನ್ನುವ ಭಯ ಅವರಿಗೆ. 1998ರಲ್ಲಿ ಡರ್ಬಿಯಲ್ಲಿ 19 ವರ್ಷದ ಹೆಣ್ಣುಮಗಳೊಬ್ಬಳನ್ನು ಮನೆಯವರೇ ಕೊಂದರು. ಮುಂದಿನ ವರ್ಷ ತಾಯಿ ಮತ್ತು ಅಣ್ಣನಿಗೆ ಜೀವಾವಧಿ ಶಿಕ್ಷೆ ಆಯಿತು. ಚಿಕ್ಕ ವಯಸ್ಸಿನಲ್ಲೇ ಆದ ಮದುವೆಯನ್ನು ಬಿಟ್ಟು ತನಗೆ ಬೇಕಾದವನ ಜೊತೆ ಬದುಕಲು ಹೊರಟಿದ್ದಳು ಆಕೆ. ಅದೇ 1999ರಲ್ಲಿ ಗೃಹ ಇಲಾಖೆಯ ಮಂತ್ರಿ ಮೈಕ್ ಓ'ಬ್ರಯನ್ ಸಂಸತ್ತಿನಲ್ಲಿ ಒಂದು ಮಾತು ಹೇಳಿದರು: ಬೇರೆ ಸಂಸ್ಕೃತಿಗಳ ಬಗ್ಗೆ ಸೂಕ್ಷ್ಮವಾಗಿರಬೇಕು ಅನ್ನುವುದು ಕಣ್ಣು ಮುಚ್ಚಿ ಕೂರಲು ನೆಪ ಆಗಬಾರದು ಅನ್ನುವ ಅರ್ಥದ ಮಾತು. ಸರಿಯಾದ ಮಾತು ಅಂತಲೇ ನನಗೂ ಅನಿಸುತ್ತದೆ.

ಅದರ ಹಿಂದೆಯೇ ಈ ವಿಷಯಕ್ಕೆ ಸರ್ಕಾರದ ಒಂದು ಕಾರ್ಯತಂಡ ಆಯಿತು. 2000ದಲ್ಲಿ ವರದಿ ಬಂತು. ಅದರಲ್ಲಿ ಒಂದು ಸಲಹೆ ಇತ್ತು: ಸಂತ್ರಸ್ತೆಗೆ ಬೇಕಿದ್ದರೆ ಕುಟುಂಬದ ಜೊತೆ ಸಂಧಾನ ಮಾಡಿಸಬಹುದು ಅಂತ. ಇದರ ಮೇಲೆಯೇ ಜಗಳ ಆಯಿತು. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆ 1979ರಿಂದ ಏಷ್ಯಾ ಮತ್ತು ಆಫ್ರಿಕಾ ಮೂಲದ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿಕೊಂಡು ಬಂದಿದೆ. ಅವರು ಕಾರ್ಯತಂಡದಿಂದಲೇ ಹೊರಬಂದರು.

ಯಾಕೆ ಅಷ್ಟು ಕೋಪ? ಸಂಧಾನ ಅನ್ನುವ ಪದ ಕೇಳಲು ಚೆನ್ನಾಗಿದೆ. ಒಳಗೆ ಹೋಗಿ ನೋಡಿ. ಸಂಧಾನ ಮಾಡಿಸುವವರು ಯಾರು? ಸಮುದಾಯದ ಹಿರಿಯರು. ಅವರು ಯಾರು? ಬಹುಪಾಲು ಗಂಡಸರು, ಆ ಅಪ್ಪನ ಜೊತೆ ಕೂತು ಚಹಾ ಕುಡಿಯುವವರು. ಹುಡುಗಿ ಎಲ್ಲಿ ಅಡಗಿದ್ದಾಳೆ ಅಂತ ಅವರಿಗೆ ಗೊತ್ತಾಗುತ್ತದೆ. ಇನ್ನು ಮೇಲೆ ಹೀಗೆ ಮಾಡಲ್ಲ, ಬಾ ಮನೆಗೆ ಅಂತ ಅಪ್ಪ ಕಣ್ಣೀರಿಡುತ್ತಾನೆ. ಅವಳಿಗೂ ಮನೆ ಬೇಕು. ಅಮ್ಮನ ಕೈ ಅಡುಗೆ ಬೇಕು, ತಮ್ಮ ಬೇಕು. ಹೋಗುತ್ತಾಳೆ. ಅಲ್ಲಿಂದ ಮುಂದೆ ಅವಳ ಸುದ್ದಿ ಇಲ್ಲ. ಸರ್ಕಾರ 'ಸಮುದಾಯ' ಅಂತ ಕರೆದಾಗ ಬಾಗಿಲಿಗೆ ಬಂದು ನಿಲ್ಲುವವರು ಒಂದು ಥರದವರೇ. ಆ ಹುಡುಗಿಯೂ ಅದೇ ಸಮುದಾಯದವಳು, ಅವಳ ಪರ ನಿಂತ ಹೆಣ್ಣುಮಕ್ಕಳೂ ಅದೇ ಸಮುದಾಯದವರು. ಸರ್ಕಾರಗಳು ಇದನ್ನು ಮತ್ತೆ ಮತ್ತೆ ಮರೆಯುತ್ತವೆ.

ಆಮೇಲೆ ನಿಧಾನವಾಗಿ ಕೆಲಸ ಆಯಿತು ಅನ್ನಬೇಕು. 2005ರಲ್ಲಿ ವಿದೇಶಾಂಗ ಇಲಾಖೆ ಮತ್ತು ಗೃಹ ಇಲಾಖೆ ಸೇರಿ ಬಲವಂತದ ಮದುವೆಗೆಂದೇ ಒಂದು ಘಟಕ ತೆರೆದವು. ಹುಡುಗಿ ಹೊರದೇಶದಲ್ಲಿ ಸಿಕ್ಕಿಕೊಂಡಿದ್ದರೆ ರಾಯಭಾರ ಕಚೇರಿಯವರು ಹೋಗಿ ಕರೆತರುವ ಏರ್ಪಾಡು ಬೆಳೆಯಿತು. 2007ರಲ್ಲಿ ಸಿವಿಲ್ ಕಾನೂನು ಬಂತು, 2008ರ ನವೆಂಬರಿನಿಂದ ಜಾರಿಯಾಯಿತು. ಇದರ ಅಡಿ ಕೋರ್ಟು ರಕ್ಷಣಾ ಆದೇಶ ಕೊಡಬಹುದು. ಪಾಸ್‌ಪೋರ್ಟ್ ಒಪ್ಪಿಸಿ, ಅವಳನ್ನು ದೇಶದಿಂದ ಹೊರಗೆ ಕರೆದೊಯ್ಯಬೇಡಿ, ಈಗಾಗಲೇ ಕರೆದೊಯ್ದಿದ್ದರೆ ವಾಪಸ್ ಕರೆತನ್ನಿ ಅಂತ. ಹುಡುಗಿಯೇ ಬಂದು ಕೇಳಬೇಕು ಅಂತಿಲ್ಲ, ಸ್ಥಳೀಯ ಆಡಳಿತವೂ ಅವಳ ಪರವಾಗಿ ಕೇಳಬಹುದು. ಯಾರೂ ಜೈಲಿಗೆ ಹೋಗುವುದಿಲ್ಲ, ಆದೇಶ ಮುರಿಯುವ ತನಕ.

ಆ ಕಾನೂನು ಜಾರಿಯಾದ ಕೆಲವೇ ವಾರಗಳಲ್ಲಿ ಒಂದು ಕೇಸ್ ಬಂತು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಬಾಂಗ್ಲಾದೇಶದ ಡಾಕ್ಟರ್ ಒಬ್ಬರು. ಅಮ್ಮನಿಗೆ ಹುಷಾರಿಲ್ಲ ಅಂತ ಕೇಳಿ ಢಾಕಾಗೆ ಹೋದರು. ಅಲ್ಲಿ ಅವರನ್ನು ಕೂಡಿಹಾಕಿದರು. ಬಲವಂತದಿಂದ ಮದುವೆಯೂ ಆಯಿತು. ಆಕೆ ಬ್ರಿಟಿಷ್ ಪ್ರಜೆಯಲ್ಲ. ಆದರೂ ಇಂಗ್ಲೆಂಡಿನ ಕೋರ್ಟು ಆದೇಶ ಕೊಟ್ಟಿತು. ಬಾಂಗ್ಲಾದೇಶಕ್ಕೆ ಆ ಆದೇಶವನ್ನು ಪಾಲಿಸಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ. ಆದರೆ ಅಲ್ಲಿನ ವಕೀಲರು, ಮಾನವ ಹಕ್ಕುಗಳ ಕೆಲಸಗಾರರು ಢಾಕಾ ಹೈಕೋರ್ಟಿಗೆ ಹೋದರು. 2008ರ ಡಿಸೆಂಬರಿನಲ್ಲಿ ಢಾಕಾ ಹೈಕೋರ್ಟು, ಆಕೆಯನ್ನು ಬಿಟ್ಟುಬಿಡಿ, ಪಾಸ್‌ಪೋರ್ಟ್ ವಾಪಸ್ ಕೊಡಿ ಅಂದಿತು. 'ಪಶ್ಚಿಮದ ಮೌಲ್ಯಗಳನ್ನು ನಮ್ಮ ಮೇಲೆ ಹೇರುತ್ತಿದ್ದಾರೆ' ಅಂತ ವಾದ ಮಾಡುವವರಿಗೆ ನಾನು ಈ ಕೇಸನ್ನೇ ಹೇಳುತ್ತೇನೆ. ಆಕೆಯನ್ನು ಬಿಡಿಸಿದ್ದು ಢಾಕಾದ ನ್ಯಾಯಾಧೀಶರು, ಢಾಕಾದ ವಕೀಲರು.

ಎಲ್ಲ ಕಡೆ ಇಷ್ಟು ಸಲೀಸಾಗಿ ಆಗುವುದಿಲ್ಲ. ಎರಡು ದೇಶದ ಪೌರತ್ವ ಇರುವ ಹುಡುಗಿಯನ್ನು ಯೋಚಿಸಿ. ಇಸ್ಲಾಮಾಬಾದಿಗೆ ಇಳಿದ ತಕ್ಷಣ ಪಾಕಿಸ್ತಾನದ ಕಣ್ಣಿಗೆ ಅವಳು ಪಾಕಿಸ್ತಾನಿ ಪ್ರಜೆ. ನಾರ್ವೆಯಲ್ಲಿ 1990ರ ದಶಕದ ಕೊನೆಯಲ್ಲಿ ನಾಡಿಯಾ ಪ್ರಕರಣ ಅಂತಲೇ ಹೆಸರಾದ ಒಂದು ಘಟನೆ ಆಯಿತು (ಅದು ಅವಳ ನಿಜ ಹೆಸರಲ್ಲ). 18 ವರ್ಷದ ನಾರ್ವೆ ಪ್ರಜೆ. ಅಪ್ಪ ಅಮ್ಮ ಅವಳನ್ನು ಮೊರಾಕೊಗೆ ಹೊತ್ತೊಯ್ದರು. ನಾರ್ವೆಯ ಲೆಕ್ಕದಲ್ಲಿ ಅವಳು ವಯಸ್ಕಳು. ಮೊರಾಕೊದ ಆಗಿನ ಕಾನೂನಿನಲ್ಲಿ ಇನ್ನೂ ಅಪ್ಪನ ಸುಪರ್ದಿಯಲ್ಲಿರುವ ಹುಡುಗಿ. ಒಬ್ಬಳೇ ಹುಡುಗಿ, ಒಂದೇ ದಿನ, ಎರಡು ದೇಶದಲ್ಲಿ ಎರಡು ಲೆಕ್ಕ. ಕೊನೆಗೆ ಅವಳು ವಾಪಸ್ ಬಂದಳು, ತಂದೆತಾಯಿಯ ಮೇಲೆ ಕೇಸ್ ಆಗಿ ತಪ್ಪಿತಸ್ಥರು ಅಂತ ತೀರ್ಪಾಯಿತು. ಆದರೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಕಳಿಸಲಿಲ್ಲ.

ಇಲ್ಲಿಗೆ ಜೈಲಿನ ಪ್ರಶ್ನೆ ಬಂತು. ನನಗೆ ಅತ್ಯಂತ ಕಷ್ಟದ ಪ್ರಶ್ನೆ ಇದು.

ನಾರ್ವೆ 2003ರಲ್ಲೇ ಬಲವಂತದ ಮದುವೆಯನ್ನು ಅಪರಾಧ ಮಾಡಿತು. ಜರ್ಮನಿ 2011ರಲ್ಲಿ ಇದಕ್ಕೇ ಬೇರೆ ಕಲಂ ತಂದಿತು. ಆಸ್ಟ್ರೇಲಿಯಾ 2013, ಸ್ವೀಡನ್ 2014. ಬ್ರಿಟನ್ 2005ರಲ್ಲಿ ಜನಾಭಿಪ್ರಾಯ ಕೇಳಿ, ಮರುವರ್ಷ ಬೇಡ ಅಂತ ಬಿಟ್ಟಿತ್ತು. 2012ರಲ್ಲಿ ಮನಸ್ಸು ಬದಲಾಯಿಸಿತು. 2014ರ ಜೂನ್ 16ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಪರಾಧ, ಏಳು ವರ್ಷದವರೆಗೆ ಜೈಲು.

ಇದರ ಬಗ್ಗೆ ಒಂದೇ ಕಡೆ ನಿಂತು ಕೆಲಸ ಮಾಡುವವರಲ್ಲೇ ಒಮ್ಮತ ಇರಲಿಲ್ಲ. ಜಸ್ವಿಂದರ್ ಸಂಘೇರಾ ಕಾನೂನು ಬೇಕೇ ಬೇಕು ಅಂದರು. ಅಪರಾಧ ಅಂತ ಪುಸ್ತಕದಲ್ಲಿ ಬರೆದರೆ, ಹುಡುಗಿ ಮನೆಯಲ್ಲಿ 'ಇದು ಕಾನೂನಿಗೆ ವಿರುದ್ಧ ಅಮ್ಮಾ' ಅಂತ ಹೇಳಬಹುದು. ಅಣ್ಣಂದಿರು ಯೋಚನೆ ಮಾಡುತ್ತಾರೆ. ಪೊಲೀಸರು ನೆಪ ಹೇಳಲಾಗದು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಬೇಡ ಅಂದರು. ತನ್ನ ಅಮ್ಮನನ್ನು ಜೈಲಿಗೆ ಕಳಿಸಲು ಯಾವ ಮಗಳು ಫೋನ್ ಎತ್ತುತ್ತಾಳೆ? ಸಹಾಯ ಕೇಳುವುದನ್ನೇ ಬಿಟ್ಟುಬಿಡುತ್ತಾಳೆ. ಕೊಲೆ, ಅಪಹರಣ, ಅತ್ಯಾಚಾರ ಮೊದಲೇ ಅಪರಾಧ ಅಲ್ವಾ?

ಎರಡೂ ಮಾತಿನಲ್ಲಿ ಸತ್ಯ ಇದೆ. ಬಹಳ ದಿನ ನಾನು ಎರಡನೆಯವರ ಕಡೆಗಿದ್ದೆ. ಈಗ ಕಾನೂನು ಇರಲಿ ಅನ್ನುತ್ತೇನೆ. ಆದರೆ ಅದೊಂದೇ ಸಾಕು ಅಂದುಕೊಂಡ ದಿನ ಸರ್ಕಾರ ಕೈ ತೊಳೆದುಕೊಂಡ ಹಾಗೆ. ಬ್ರಿಟನ್ನಿನಲ್ಲಿ ಮೊದಲ ಶಿಕ್ಷೆ ಆದದ್ದು 2015ರಲ್ಲಿ, ವೇಲ್ಸಿನಲ್ಲಿ. ಶಿಕ್ಷೆಯಾದವನು ಅಪ್ಪನೂ ಅಲ್ಲ, ಅಣ್ಣನೂ ಅಲ್ಲ. ಒಬ್ಬ ಯುವತಿಯ ಮೇಲೆ ಅತ್ಯಾಚಾರ ಮಾಡಿ, ಹೆದರಿಸಿ ಮದುವೆ ಆದವನು. ಮಗಳನ್ನು ರಜೆಯ ನೆಪ ಹೇಳಿ ಪಾಕಿಸ್ತಾನಕ್ಕೆ ಕರೆದೊಯ್ದು ಮದುವೆ ಮಾಡಿಸಿದ್ದಕ್ಕೆ ಬರ್ಮಿಂಗ್‌ಹ್ಯಾಮಿನ ಒಬ್ಬ ತಾಯಿಗೆ ನಾಲ್ಕೂವರೆ ವರ್ಷ ಶಿಕ್ಷೆ ಆದದ್ದು 2018ರಲ್ಲಿ. ಅಷ್ಟರಲ್ಲಿ ಕಾನೂನಿಗೆ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಅದೇ 2018ರ ಲೆಕ್ಕ ಆಗಲೇ ಹೇಳಿದೆ, 1,764. ಅಂತರ ನೋಡಿ.

ಆಸ್ಟ್ರೇಲಿಯಾದಲ್ಲಿ ಇನ್ನೂ ತಡ. 2013ರ ಕಾನೂನಿಗೆ ಮೊದಲ ಶಿಕ್ಷೆ ಆದದ್ದು 2024ರಲ್ಲಿ. ವಿಕ್ಟೋರಿಯಾದ ಶೆಪ್ಪರ್ಟನ್ ಅನ್ನುವ ಊರು. ಅಫ್ಘಾನಿಸ್ತಾನದಿಂದ ಬಂದ, ಹಜಾರಾ ಅನ್ನುವ ಜನಾಂಗದ ಕುಟುಂಬ. 21 ವರ್ಷದ ಮಗಳು. ಅವಳಿಗೆ ಹಿಂದೆ 15ರಲ್ಲೇ ಒಂದು ಧಾರ್ಮಿಕ ಮದುವೆ ಆಗಿ ಮುರಿದಿತ್ತು. ಇನ್ನು 27, 28 ಆಗುವವರೆಗೂ ಮದುವೆ ಬೇಡ, ಓದಬೇಕು, ಕೆಲಸ ಮಾಡಬೇಕು ಅನ್ನುವುದು ಅವಳ ಆಸೆ. ಗಂಡ ಬಿಟ್ಟ ಹುಡುಗಿ ಅನ್ನುವ ಮಾತನ್ನು ತಡೆಯಲಾಗದೆ ತಾಯಿ ಒತ್ತಾಯ ಮಾಡಿ ಮತ್ತೆ ಮದುವೆ ಮಾಡಿಸಿದಳು. ಕೆಲವೇ ವಾರಗಳಲ್ಲಿ, 2020ರ ಜನವರಿಯಲ್ಲಿ, ಪರ್ತ್ ನಗರದಲ್ಲಿ ಗಂಡ ಅವಳನ್ನು ಕೊಂದ. ತಾಯಿಗೆ ಮೂರು ವರ್ಷ ಶಿಕ್ಷೆ, ಅದರಲ್ಲಿ ಒಂದು ವರ್ಷ ಜೈಲಿನಲ್ಲಿ ಕಳೆದ ಮೇಲೆ ಬಿಡುಗಡೆಗೆ ಅವಕಾಶ. ಈ ತೀರ್ಪು ನ್ಯಾಯವೇ ಇರಬಹುದು. ಆದರೆ ಕಾನೂನು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಆ ಹುಡುಗಿ ಇಲ್ಲ.

ಇನ್ನೊಂದು ದಾರಿ ಇದೆ, ವೀಸಾ. ಇದರ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಇದು ಹುಡುಗಿಯ ಹೆಸರಿನಲ್ಲಿ ಬೇರೆಯೇ ಕೆಲಸ ಮಾಡುತ್ತದೆ.

ಡೆನ್ಮಾರ್ಕ್ 2002ರಲ್ಲಿ ಒಂದು ನಿಯಮ ತಂದಿತು. ಹೊರದೇಶದ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಇಬ್ಬರಿಗೂ 24 ತುಂಬಿರಬೇಕು. ಬಲವಂತದ ಮದುವೆ ತಡೆಯಲು ಅಂತ ಹೇಳಿದರು. ಆಗಿದ್ದೇನು? ಪ್ರೀತಿಸಿ ಮದುವೆಯಾದ ಎಷ್ಟೋ ಜೋಡಿಗಳು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ ಮಾಡಿದರು. ಬ್ರಿಟನ್ನೂ 2008ರಲ್ಲಿ ಸಂಗಾತಿ ವೀಸಾದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಅದಕ್ಕೆ ಸಿಕ್ಕಿಬಿದ್ದವರಲ್ಲಿ ಚಿಲಿ ದೇಶದ ಒಬ್ಬ ಹುಡುಗ ಮತ್ತು ಅವನ ಬ್ರಿಟಿಷ್ ಹೆಂಡತಿ ಇದ್ದರು. ಇಬ್ಬರೂ ಇಷ್ಟಪಟ್ಟು ಮದುವೆಯಾದವರು. ಬಲವಂತ ಅಂತ ಸರ್ಕಾರವೂ ಹೇಳಲಿಲ್ಲ. ಆದರೂ ಆ ಹುಡುಗಿ ಕಾಲೇಜು ಸೀಟು ಬಿಟ್ಟು ಅವನ ಜೊತೆ ದೇಶ ಬಿಡಬೇಕಾಯಿತು. 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಅವರ ಮೇಲೆ ಹೇರಿದ್ದು ತಪ್ಪು ಅಂದಿತು. ನಿಯಮದಿಂದ ಎಷ್ಟು ಬಲವಂತದ ಮದುವೆ ತಪ್ಪಿತು ಅಂತ ತೋರಿಸಲು ಸರ್ಕಾರದ ಕೈಯಲ್ಲಿ ಗಟ್ಟಿ ಪುರಾವೆ ಇರಲಿಲ್ಲ. ತಡೆದದ್ದು ಬಹುಪಾಲು ಒಪ್ಪಿ ಆದ ಮದುವೆಗಳನ್ನೇ ಅಂತ ನ್ಯಾಯಾಧೀಶರಿಗೆ ಕಂಡಿತು.

ನಿಜವಾದ ಬಲವಂತ ಇದ್ದ ಮನೆಯಲ್ಲಿ ಈ ನಿಯಮ ಏನು ಮಾಡುತ್ತದೆ ಅಂತಲೂ ಯೋಚಿಸಿ. 17ಕ್ಕೆ ಮದುವೆ ಮಾಡಿಸುವ ಅಪ್ಪ 24ರ ತನಕ ಕಾಯುತ್ತಾನೆಯೇ? 17ಕ್ಕೇ ಮದುವೆ ಮಾಡಿಸಿ, ವಯಸ್ಸು ತುಂಬುವವರೆಗೆ ಅವಳನ್ನು ಅಲ್ಲೇ ಬಿಟ್ಟು ಬರಬಹುದು.

ಜರ್ಮನಿಯ 2011ರ ಕಾನೂನಿನಲ್ಲಿ ಎರಡು ಮುಖ ಒಟ್ಟಿಗೇ ಇವೆ. ಸಾಮಾನ್ಯವಾಗಿ ಆರು ತಿಂಗಳು ಹೊರಗಿದ್ದರೆ ವಾಸದ ಪರವಾನಗಿ ಹೋಗುತ್ತದೆ. ಮದುವೆಗೆಂದು ಬಲವಂತವಾಗಿ ಹೊರದೇಶದಲ್ಲಿ ಹಿಡಿದಿಟ್ಟಿದ್ದರೆ ಹತ್ತು ವರ್ಷದವರೆಗೂ ವಾಪಸ್ ಬರುವ ಹಕ್ಕನ್ನು ಆ ಕಾನೂನು ಕೊಟ್ಟಿತು. ಓದಿದಾಗ ನನಗೆ ಬಹಳ ಖುಷಿಯಾಯಿತು. ಹುಡುಗಿಯ ಕಡೆಯಿಂದ ಯೋಚನೆ ಮಾಡಿದವರು ಬರೆದ ಸಾಲು ಅದು. ಅದೇ ಕಾನೂನಿನಲ್ಲೇ, ಮದುವೆಯಾಗಿ ಜರ್ಮನಿಗೆ ಬಂದ ಹೆಂಡತಿ ತನ್ನದೇ ಸ್ವತಂತ್ರ ಪರವಾನಗಿ ಪಡೆಯಲು ಸಂಸಾರ ಮಾಡಬೇಕಾದ ಅವಧಿಯನ್ನು ಎರಡು ವರ್ಷದಿಂದ ಮೂರಕ್ಕೆ ಏರಿಸಿದರು. ತೀರಾ ಕಷ್ಟದಲ್ಲಿರುವವರಿಗೆ ವಿನಾಯಿತಿ ಉಂಟು. ಆದರೆ ಭಾಷೆ ಬಾರದ, ಹೊಸ ಊರಿನ, ಹೊಡೆತ ತಿನ್ನುತ್ತಿರುವ ಹೆಂಗಸು ವಿನಾಯಿತಿಯ ಕಲಂ ಹುಡುಕಿಕೊಂಡು ಹೋಗಬೇಕಲ್ಲ. ಅವಳಿಗೆ ಇನ್ನೊಂದು ವರ್ಷ ಸಹಿಸಿಕೋ ಅಂತಲೇ ಅದು ಕೇಳಿಸುತ್ತದೆ.

ಕೆನಡಾದ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. 2015ರಲ್ಲಿ ಅಲ್ಲಿ ಬಂದ ಕಾನೂನಿನ ಹೆಸರೇ 'ಅನಾಗರಿಕ ಸಾಂಸ್ಕೃತಿಕ ಪದ್ಧತಿಗಳಿಗೆ ಶೂನ್ಯ ಸಹನೆ ಕಾಯ್ದೆ'. ಅದೇ ವರ್ಷದ ಚುನಾವಣೆಯಲ್ಲಿ ಆಳುವ ಪಕ್ಷದವರು, ಇಂಥ 'ಅನಾಗರಿಕ' ಪದ್ಧತಿಗಳ ಬಗ್ಗೆ ಸುಳಿವು ಕೊಡಲು ಒಂದು ಫೋನ್ ಲೈನ್ ಮಾಡುತ್ತೇವೆ ಅಂತ ಭರವಸೆ ಕೊಟ್ಟರು. ಕೆನಡಾದ ಒಬ್ಬ ಹುಡುಗಿ ಸಹಾಯ ಬೇಕು ಅಂತ ಹೊರಟಿದ್ದಾಳೆ ಅಂದುಕೊಳ್ಳಿ. ಸಹಾಯದ ಬಾಗಿಲ ಮೇಲೆ 'ನಿನ್ನ ಅಮ್ಮ ಅನಾಗರಿಕಳು' ಅಂತ ಬರೆದಿದೆ. ಒಳಗೆ ಹೋಗಲು ಅವಳಿಗೆ ಮನಸ್ಸಾದರೂ ಬರುತ್ತದೆಯೇ? ಅವಳು ಅಮ್ಮನನ್ನು ದ್ವೇಷ ಮಾಡಿಕೊಂಡು ಬಂದವಳಲ್ಲ. ಮದುವೆ ಬೇಡ ಅಂತ ಬಂದವಳು. ಹೆಸರಿಡುವಾಗ ಯೋಚಿಸಬೇಕು.

ಬ್ರಿಟನ್ನಿನ ಇನ್ನೊಂದು ಸಂಗತಿ ಹೇಳಲೇಬೇಕು. 2018ರಲ್ಲಿ ನಾಲ್ಕು ಯುವತಿಯರನ್ನು ಸೊಮಾಲಿಯಾದಿಂದ ವಾಪಸ್ ಕರೆತಂದರು. ಮಕ್ಕಳನ್ನು 'ಸರಿ ಮಾಡಲು' ಅಂತ ನಡೆಸುವ ಒಂದು ಧಾರ್ಮಿಕ ಸಂಸ್ಥೆಯಲ್ಲಿ ಮನೆಯವರೇ ಅವರನ್ನು ಬಿಟ್ಟಿದ್ದರು. ಅಲ್ಲಿ ಹೊಡೆತ, ಬಡಿತ, ಮದುವೆಯ ಒತ್ತಾಯ. ಬಿಡಿಸಿ ಕರೆತಂದ ಸರ್ಕಾರ ಒಬ್ಬೊಬ್ಬರಿಗೂ 740 ಪೌಂಡ್ ಬಿಲ್ ಮಾಡಿತು. ಅದು ಮೊದಲಿನಿಂದಲೂ ಇದ್ದ ನಿಯಮ. ವಿಮಾನದ ಖರ್ಚನ್ನು ಸಾಲ ಅಂತ ಬರೆಸಿಕೊಳ್ಳುವುದು, ಸಾಲ ತೀರುವ ತನಕ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಅಪ್ಪನ ಕೈಯಿಂದ ತಪ್ಪಿಸಿಕೊಂಡು ಬಂದವಳು ಅವಳು. ಇಲ್ಲಿ ಸರ್ಕಾರವೇ ಪಾಸ್‌ಪೋರ್ಟ್ ಇಟ್ಟುಕೊಂಡಿತು. 2019ರ ಜನವರಿಯಲ್ಲಿ ಒಂದು ಪತ್ರಿಕೆ ಇದನ್ನು ಬಯಲು ಮಾಡಿತು. ಕೆಲವೇ ದಿನಗಳಲ್ಲಿ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ಅಷ್ಟು ವರ್ಷ ಯಾವ ಅಧಿಕಾರಿಯ ಕೈಯೂ ಆ ಫಾರ್ಮಿನ ಮೇಲೆ ನಡುಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಹಾಗಾದರೆ ಚೆನ್ನಾಗಿ ಮಾಡಿದವರು ಯಾರು ಅಂತ ಕೇಳಬಹುದು. ನನಗೆ ನಾರ್ವೆಯ ಒಂದು ಏರ್ಪಾಡು ಇಷ್ಟ. ಸುಮಾರು 2008ರಿಂದ ಅವರು ಕೆಲವು ಶಾಲೆಗಳಲ್ಲೇ ಇದಕ್ಕೆಂದು ಸಲಹೆಗಾರರನ್ನು ಕೂರಿಸಿದರು. ಹುಡುಗಿ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕಿಲ್ಲ. ಊಟದ ಬಿಡುವಿನಲ್ಲಿ ಹೋಗಿ ಐದು ನಿಮಿಷ ಕೂತು ಬರಬಹುದು. ಇಸ್ಲಾಮಾಬಾದಿನಂಥ ಕಡೆ ತಮ್ಮ ರಾಯಭಾರ ಕಚೇರಿಗಳಲ್ಲೂ ಇದೇ ಕೆಲಸಕ್ಕೆ ಒಬ್ಬೊಬ್ಬರನ್ನು ಇಟ್ಟರು.

ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯಲ್ಲೂ ಒಂದು ನಿಯಮ ಇದೆ. ಇಷ್ಟು ಕಾನೂನುಗಳ ನಡುವೆ ನನಗೆ ಅತಿ ಮುಖ್ಯ ಅನಿಸಿದ್ದು ಅದೇ. 'ಒಂದೇ ಅವಕಾಶದ ನಿಯಮ' ಅಂತ ಕರೆಯುತ್ತಾರೆ. ಟೀಚರ್, ಡಾಕ್ಟರ್, ನರ್ಸ್, ಪೊಲೀಸ್, ಯಾರೇ ಆಗಲಿ, ಈ ಹುಡುಗಿಯ ಜೊತೆ ಮಾತಾಡಲು ನಿಮಗೆ ಸಿಗುವುದು ಬಹುಶಃ ಒಂದೇ ಸಲ. ಅದನ್ನು ಕಳೆದರೆ ಅವಳ ಜೀವವನ್ನೇ ಕಳೆಯಬಹುದು. ಆದ್ದರಿಂದ ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿ. ಅವಳು ಹೇಳಿದ್ದನ್ನು ನಂಬಿ. ಮನೆಗೆ ಫೋನ್ ಮಾಡಿ ವಿಚಾರಿಸಬೇಡಿ. ಮನೆಯವರನ್ನೋ, ಅವರ ಸಮುದಾಯದ ಗುರುತಿನವರನ್ನೋ ಅನುವಾದಕ್ಕೆ ಕರೆಯಬೇಡಿ. ಆಮೇಲೆ ಬಾ ಅಂತ ವಾಪಸ್ ಕಳಿಸಬೇಡಿ.

ಇದು ಪುಸ್ತಕದಲ್ಲಿದೆ. ಶಾಲೆಯ ಗೋಡೆಗೆ ಬಂದಿತೇ? 2008ರಲ್ಲಿ ಬ್ರಿಟನ್ನಿನ ಸಂಸದೀಯ ಸಮಿತಿ ಈ ವಿಷಯ ವಿಚಾರಣೆ ಮಾಡುವಾಗ, ಸಹಾಯವಾಣಿ ಸಂಖ್ಯೆ ಇದ್ದ ಪೋಸ್ಟರನ್ನು ಹಾಕಲು ಕೆಲವು ಶಾಲೆಗಳು ಒಪ್ಪಲಿಲ್ಲ ಅನ್ನುವ ದೂರು ಬಂತು. ಪೋಷಕರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಅಳುಕು. ಅದೇ ಸಮಯದಲ್ಲಿ ಬ್ರಾಡ್‌ಫರ್ಡ್ ಊರಿನ ಶಾಲೆಗಳ ಹಾಜರಿ ಪಟ್ಟಿಯಿಂದ ಕಾಣೆಯಾದ 33 ಮಕ್ಕಳು ಎಲ್ಲಿದ್ದಾರೆ ಅಂತ ಆಡಳಿತಕ್ಕೆ ಗೊತ್ತಿಲ್ಲ ಅನ್ನುವುದೂ ಹೊರಬಿತ್ತು. ಅವರೆಲ್ಲ ಮದುವೆಗೇ ಹೋದರು ಅಂತ ಅಲ್ಲ, ಕುಟುಂಬಗಳು ಊರು ಬಿಟ್ಟಿರಬಹುದು. ಎಲ್ಲಿ ಅಂತ ಯಾರೂ ಕೇಳಿರಲಿಲ್ಲ, ನನಗೆ ನೋವಾಗುವುದು ಅದಕ್ಕೆ.

ಕೊನೆಯಲ್ಲಿ ಸಭೆಯಲ್ಲಿದ್ದ ಒಬ್ಬ ಟೀಚರ್ ಎದ್ದು ಕೇಳಿದರು: 'ನಾನು ಒಬ್ಬಳು ಏನು ಮಾಡಲಿ ಮೇಡಂ? ಕಾನೂನು ನನಗೆ ಗೊತ್ತಿಲ್ಲ. ಕೈ ಹಾಕಿ ಹೆಚ್ಚುಕಡಿಮೆ ಆದ್ರೆ?' ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಬೇಸಿಗೆ ರಜೆ ಹತ್ತಿರ ಬಂದಾಗ ಯಾವ ಮಗು ಒಮ್ಮೆಲೇ ಮಂಕಾಯಿತು ಅಂತ ಗಮನಿಸಿ. ಚೆನ್ನಾಗಿ ಓದುತ್ತಿದ್ದವಳು ಇದ್ದಕ್ಕಿದ್ದಂತೆ ಪುಸ್ತಕ ಮುಟ್ಟುವುದು ಬಿಟ್ಟರೆ, ಅಕ್ಕನಿಗೆ ಬೇಗ ಮದುವೆ ಆಗಿದ್ದರೆ, ವಾಪಸ್ ಬರುವ ಟಿಕೆಟ್ ಯಾವಾಗಿನದು ಅಂತ ಕೇಳಿದಾಗ ಅವಳಿಗೇ ಗೊತ್ತಿಲ್ಲದಿದ್ದರೆ, ಸುಮ್ನೆ ಬಿಡಬೇಡಿ. ಕ್ಲಾಸಿನವರೆಲ್ಲ ಹೋದ ಮೇಲೆ ಅವಳೊಬ್ಬಳನ್ನೇ ಕೂರಿಸಿ, ಬಾಗಿಲು ಮುಂದೆ ಮಾಡಿ, 'ಏನಾದರೂ ಹೇಳಬೇಕಾ?' ಅಂತ ಕೇಳಿ. ಅವಳು ಏನೂ ಇಲ್ಲ ಅನ್ನಬಹುದು. ಆಗ ಮುಂದಿನ ವಾರ ಇನ್ನೊಮ್ಮೆ ಕೇಳಿ.